ಕ್ವಿಂಟಿಲಿಯನ್: ಬದುಕು ಮತ್ತು ಬರವಣಿಗೆಯ ಶಿಕ್ಷಣ

ಬರವಣಿಗೆಯನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆ ಹೊಸದಲ್ಲ. ಬರೆಯುವ ಶಕ್ತಿ ಹುಟ್ಟಿನಿಂದಲೇ ಬರತಕ್ಕದ್ದು ಎಂದು ಒಂದು ಪಕ್ಷ ನಂಬಿದರೆ, ನಿಯಮಗಳನ್ನು ಬಲ್ಲವನು ಬರೆಯಬಲ್ಲನು ಎಂದು ಇನ್ನೊಂದು ಪಕ್ಷ ವಾದಿಸುತ್ತ ಬಂದಿದೆ. ಈ ಎರಡು ನಿಲುವುಗಳನ್ನೂ ತರಗತಿಯ ಅನುಭವದಲ್ಲಿ ಪರೀಕ್ಷಿಸಿ, ಎರಡರ ಮಿತಿಯನ್ನೂ ಗುರುತಿಸಿದವರಲ್ಲಿ ಕ್ರಿ.ಶ. ಒಂದನೆಯ ಶತಮಾನದ ರೋಮಿನ ಅಧ್ಯಾಪಕ ಮಾರ್ಕಸ್ ಫೇಬಿಯಸ್ ಕ್ವಿಂಟಿಲಿಯಾನಸ್ ಪ್ರಮುಖನು. ಕ್ವಿಂಟಿಲಿಯನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತನು ಕವಿಯಲ್ಲ, ತತ್ತ್ವಜ್ಞಾನಿಯಲ್ಲ. ಸುಮಾರು ಇಪ್ಪತ್ತು ವರ್ಷ ಹುಡುಗರ ಬರಹಗಳನ್ನು ತಿದ್ದಿದ ಮೇಷ್ಟರು. ಆ ಅನುಭವವನ್ನೆಲ್ಲ ಅವನು ‘ಇನ್‌ಸ್ಟಿಟ್ಯೂಶಿಯೊ ಒರಟೋರಿಯಾ’, ಅಂದರೆ ವಾಗ್ಮಿಯ ಶಿಕ್ಷಣ ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ ದಾಖಲಿಸಿದನು. ಈ ಗ್ರಂಥವನ್ನು ಸಾಮಾನ್ಯವಾಗಿ ವಾಗ್ಮಿತೆಯ ಶಾಸ್ತ್ರವೆಂದು ಓದಲಾಗುತ್ತದೆ. ಅದನ್ನು ಬರೆದವನ ಬದುಕಿನ ಜೊತೆಯಲ್ಲಿಟ್ಟು ಓದಿದಾಗ ಅದರ ಮಾತಿಗೆ ಬೇರೊಂದು ತೂಕ ಬರುತ್ತದೆ. ಬರವಣಿಗೆಯು ನಿಯಮದಿಂದಲ್ಲ, ತಾಳ್ಮೆಯಿಂದ ರೂಢಿಯಾಗುವ ಶಕ್ತಿ ಎಂಬುದು ಅವನ ಶಿಕ್ಷಣತತ್ತ್ವದ ತಿರುಳು. ಆ ತಾಳ್ಮೆಗೆ ಅವನ ಸ್ವಂತ ಬದುಕೇ ಕಠಿಣ ಪರೀಕ್ಷೆಯೊಡ್ಡಿತು.

ಹುಟ್ಟು ಮತ್ತು ಗುರು

ಕ್ವಿಂಟಿಲಿಯನ್ ಹುಟ್ಟಿದ್ದು ಕ್ರಿ.ಶ. ಸುಮಾರು 35ರಲ್ಲಿ, ಹಿಸ್ಪಾನಿಯಾದ ಕಾಲಗುರಿಸ್ ಎಂಬ ಊರಿನಲ್ಲಿ. ಎಬ್ರೊ ನದಿಯ ಬಯಲಿನಲ್ಲಿರುವ ಈ ಊರು ಇಂದು ಸ್ಪೇನ್ ದೇಶದ ಕಲಹೋರಾ. ಆ ಕಾಲಕ್ಕೆ ಹಿಸ್ಪಾನಿಯಾ ರೋಮನ್ ಸಾಮ್ರಾಜ್ಯದ ಒಂದು ಪ್ರಾಂತ ಮಾತ್ರವಾಗಿರದೆ ಲ್ಯಾಟಿನ್ ಸಾಹಿತ್ಯದ ತವರೂ ಆಗಿತ್ತು. ಸೆನೆಕ, ಅವನ ತಮ್ಮನ ಮಗ ಲೂಕನ್, ಚುಟುಕಗಳ ಕವಿ ಮಾರ್ಷಿಯಲ್ ಇವರೆಲ್ಲರೂ ಆ ನೆಲದಿಂದಲೇ ಬಂದವರು. ಪ್ರಾಂತದಿಂದ ರಾಜಧಾನಿಗೆ ಬಂದು ರಾಜಧಾನಿಯ ಭಾಷೆಯ ಶುದ್ಧಿಯನ್ನು ಕಾಯುವವರಾಗಿ ನಿಂತ ಬರಹಗಾರರ ಸಾಲಿನಲ್ಲಿ ಕ್ವಿಂಟಿಲಿಯನ್ ಕೂಡ ಒಬ್ಬನು.

ತಾರುಣ್ಯದಲ್ಲಿ ಅವನು ರೋಮಿನಲ್ಲಿ ಶಿಕ್ಷಣ ಪಡೆದನು. ಅಂದಿನ ಪದ್ಧತಿಯಂತೆ ತರುಣನೊಬ್ಬನು ಪ್ರಸಿದ್ಧ ವಕೀಲನೊಬ್ಬನ ಬಳಿ ಸೇರಿ, ಅವನ ಹಿಂದೆ ನ್ಯಾಯಾಲಯಕ್ಕೆ ನಡೆದು, ಕೇಳುತ್ತ ಕಲಿಯುತ್ತಿದ್ದನು. ಕ್ವಿಂಟಿಲಿಯನ್ ಹೀಗೆ ಆಶ್ರಯಿಸಿದ್ದು ಡೊಮಿಷಿಯಸ್ ಆಫರ್ ಎಂಬ ಹಿರಿಯ ವಾಗ್ಮಿಯನ್ನು. ಆಫರನ ಪ್ರೌಢಿಮೆಯನ್ನು ಕಂಡಂತೆ ಅವನ ಇಳಿಗಾಲವನ್ನೂ ಶಿಷ್ಯನು ಕಂಡನು. ವಯಸ್ಸಾದಂತೆ ಆಫರನ ಶಕ್ತಿ ಕುಂದಿತು. ಆದರೂ ಅವನು ವಾದಿಸುವುದನ್ನು ಬಿಡಲಿಲ್ಲ. ಒಂದು ಕಾಲಕ್ಕೆ ನ್ಯಾಯಾಲಯಕ್ಕೇ ಅಗ್ರಗಣ್ಯನಾಗಿದ್ದವನ ಮಾತಿಗೆ ಕೆಲವರು ನಕ್ಕರು, ಕೆಲವರು ಅವನ ಪರವಾಗಿ ತಾವೇ ನಾಚಿದರು. ಆಫರ್ ಕ್ರಿ.ಶ. 59ರಲ್ಲಿ ತೀರಿಕೊಂಡನು. ತನ್ನ ಗ್ರಂಥದ ಕೊನೆಯ ಸಂಪುಟದಲ್ಲಿ ಕ್ವಿಂಟಿಲಿಯನ್ ಈ ಸಂಗತಿಯನ್ನು ನೆನೆಯುತ್ತಾನೆ. ಜನರು ಇನ್ನೂ ಬಯಸುತ್ತಿರುವಾಗಲೇ ವೃತ್ತಿಯಿಂದ ಸರಿಯಬೇಕೆಂಬ ಪಾಠವನ್ನು ಅವನು ಗುರುವಿನ ಸೋಲಿನಿಂದ ಕಲಿತನು. ಮುಂದೆ ಅದನ್ನು ತನ್ನ ವಿಷಯದಲ್ಲಿ ಪಾಲಿಸಿಯೂ ತೋರಿಸಿದನು.

ಶಿಕ್ಷಣದ ನಂತರ ಹಿಸ್ಪಾನಿಯಾಕ್ಕೆ ಮರಳಿದ್ದ ಅವನನ್ನು ಕ್ರಿ.ಶ. 68ರಲ್ಲಿ ಆ ಪ್ರಾಂತದ ರಾಜ್ಯಪಾಲನಾಗಿದ್ದ ಗಾಲ್ಬನು ರೋಮಿಗೆ ಕರೆತಂದನೆಂದು ಸಂತ ಜೆರೋಮನ ಕಾಲಾನುಕ್ರಮಣಿಕೆ ತಿಳಿಸುತ್ತದೆ. ಗಾಲ್ಬನು ಚಕ್ರವರ್ತಿಯಾದನು, ಕೆಲವೇ ತಿಂಗಳಲ್ಲಿ ಕೊಲೆಯಾದನು. ಕ್ರಿ.ಶ. 69ರ ಒಂದೇ ವರ್ಷದಲ್ಲಿ ರೋಮು ನಾಲ್ವರು ಚಕ್ರವರ್ತಿಗಳನ್ನು ಕಂಡಿತು. ಪೋಷಕನನ್ನು ಕಳೆದುಕೊಂಡ ಕ್ವಿಂಟಿಲಿಯನ್ ಊರಿಗೆ ಹಿಂದಿರುಗದೆ ರೋಮಿನಲ್ಲಿಯೇ ಉಳಿದು, ನ್ಯಾಯಾಲಯ ಮತ್ತು ಪಾಠಶಾಲೆ ಎರಡರಲ್ಲಿಯೂ ದುಡಿದನು.

ಸಾರ್ವಜನಿಕ ಅಧ್ಯಾಪಕ

ಅರಾಜಕತೆಯ ನಂತರ ಅಧಿಕಾರಕ್ಕೆ ಬಂದ ವೆಸ್ಪಾಸಿಯನನು ಲ್ಯಾಟಿನ್ ಮತ್ತು ಗ್ರೀಕ್ ವಾಗ್ಮಿತೆಯ ಅಧ್ಯಾಪಕರಿಗೆ ರಾಜಭಂಡಾರದಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ ವೇತನವನ್ನು ಗೊತ್ತುಮಾಡಿದನು. ಅಲ್ಲಿಯವರೆಗೆ ಶಿಕ್ಷಕರು ವಿದ್ಯಾರ್ಥಿಗಳ ತಂದೆಯರಿಂದ ಬರುವ ಶುಲ್ಕವನ್ನೇ ನಂಬಿ ಬದುಕಬೇಕಿತ್ತು. ಈ ರಾಜವೇತನವನ್ನು ಪಡೆದವರಲ್ಲಿ ಕ್ವಿಂಟಿಲಿಯನ್ ಮೊದಲಿಗನೆಂದು ಪರಂಪರೆ ಹೇಳುತ್ತದೆ. ವಿಡಂಬನಕವಿ ಜುವೆನಾಲನು ಬಡ ಶಿಕ್ಷಕರ ಸ್ಥಿತಿಯನ್ನು ಚಿತ್ರಿಸುವಾಗ, ಕ್ವಿಂಟಿಲಿಯನನ ಸಿರಿವಂತಿಕೆಯನ್ನು ಅಪರೂಪದ ಅದೃಷ್ಟವೆಂದು ಪ್ರತ್ಯೇಕಿಸಿ ಹೇಳಿರುವುದು ಗಮನಾರ್ಹ. ಕಿರಿಯ ಪ್ಲಿನಿ ಅವನ ಶಿಷ್ಯನಾಗಿದ್ದನು. ತನ್ನ ಪತ್ರಗಳಲ್ಲಿ ಗುರುವನ್ನು ಗೌರವದಿಂದ ನೆನೆದಿದ್ದಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ರೋಮಿನ ಶಿಕ್ಷಣದ ಗುರಿ ಮಾತು; ನ್ಯಾಯಾಲಯದಲ್ಲಿ, ಸಭೆಯಲ್ಲಿ ಆಡುವ ಮಾತು. ಆದರೆ ಆ ಮಾತಿಗೆ ಅಡಿಪಾಯ ಬರವಣಿಗೆ. ಚೆನ್ನಾಗಿ ಬರೆದು ಅಭ್ಯಾಸವಿಲ್ಲದವನ ಮಾತು ಹುರುಳಿಲ್ಲದ ಹರಟೆಯಾಗುತ್ತದೆ ಎಂಬುದು ಕ್ವಿಂಟಿಲಿಯನನ ನಿಶ್ಚಿತ ಅಭಿಪ್ರಾಯ. ಈ ವಿಷಯದಲ್ಲಿ ಅವನ ಆದರ್ಶ ಕ್ರಿ.ಪೂ. 43ರಲ್ಲಿ ಹತನಾದ ಸಿಸೆರೊ. ಆದುದರಿಂದಲೇ ವಾಗ್ಮಿಯನ್ನು ರೂಪಿಸುವ ಅವನ ಗ್ರಂಥವು ಬಹುಮಟ್ಟಿಗೆ ಬರಹಗಾರನನ್ನು ರೂಪಿಸುವ ಗ್ರಂಥವೂ ಆಗಿದೆ.

ಅವನ ಕಾಲದ ಪಾಠಶಾಲೆಗಳಲ್ಲಿ ಬೇರೊಂದು ಬಗೆಯ ಬರವಣಿಗೆ ಮೆರೆಯುತ್ತಿತ್ತು. ಕೃತಕ ಭಾಷಣಗಳ ಅಭ್ಯಾಸಕ್ಕೆ ಮಾಂತ್ರಿಕರು, ಮಹಾಮಾರಿ, ದೈವವಾಣಿ, ಕ್ರೂರ ಮಲತಾಯಿ ಮೊದಲಾದ ವಿಷಯಗಳನ್ನು ಕೊಡಲಾಗುತ್ತಿತ್ತು. ಹುಡುಗರು ಚಮತ್ಕಾರದ ನುಡಿಗಳನ್ನು ಹೆಣೆದು ಚಪ್ಪಾಳೆ ಗಿಟ್ಟಿಸುತ್ತಿದ್ದರು. ಇಂತಹ ಅಭ್ಯಾಸ ತನ್ನಷ್ಟಕ್ಕೆ ತಪ್ಪಲ್ಲವಾದರೂ, ನಿಜವಾದ ವ್ಯಾಜ್ಯಕ್ಕೂ ಅದಕ್ಕೂ ಸಂಬಂಧವೇ ಕಡಿದುಹೋದಾಗ ಅದು ವ್ಯರ್ಥವೆಂದು ಕ್ವಿಂಟಿಲಿಯನ್ ವಿರೋಧಿಸಿದನು. ಅವನ ಶಿಕ್ಷಣವನ್ನು ಅಭಿಜಾತ ಎಂದು ಕರೆಯುವುದಾದರೆ ಅದು ಈ ಅರ್ಥದಲ್ಲಿ: ತತ್ಕಾಲದ ಮೆಚ್ಚುಗೆಯಿಂದ ವಿದ್ಯಾರ್ಥಿಯನ್ನು ಬಿಡಿಸಿ, ಕಾಲದ ಪರೀಕ್ಷೆಯಲ್ಲಿ ಗೆದ್ದ ಕೃತಿಗಳ ಸಂಗದಲ್ಲಿ ಅವನನ್ನು ಬೆಳೆಸುವುದು.

ಅಕ್ಷರದಿಂದ ಕಥನಕ್ಕೆ

ಈ ಶಿಕ್ಷಣವು ತೊಟ್ಟಿಲಿನಿಂದ ಆರಂಭವಾಗುತ್ತದೆ. ಮಗು ಮೊದಲು ಕೇಳುವುದು ದಾದಿಯ ಮಾತನ್ನಾದುದರಿಂದ ಅವಳ ನುಡಿ ಶುದ್ಧವಾಗಿರಬೇಕೆಂದು ಅವನು ಬಯಸುತ್ತಾನೆ. ಆಡಲು ದಂತದ ಅಕ್ಷರಗಳನ್ನು ಕೊಡುವುದನ್ನು ಮೆಚ್ಚುತ್ತಾನೆ. ಹಲಗೆಯ ಮೇಲೆ ಅಕ್ಷರದ ಆಕಾರವನ್ನು ಕೊರೆದು, ಆ ಗೀರಿನಲ್ಲಿ ಲೇಖನಿಯನ್ನು ನಡೆಸಿದರೆ ಮಗುವಿನ ಕೈ ದಾರಿ ತಪ್ಪುವುದಿಲ್ಲ. ಪ್ರತಿಷ್ಠಿತರು ಕಡೆಗಣಿಸುತ್ತಿದ್ದ ಕೈಬರಹಕ್ಕೂ ಅವನು ಬೆಲೆ ಕೊಟ್ಟನು. ನಿಧಾನವಾಗಿ ಬರೆಯುವ ಕೈ ಆಲೋಚನೆಯನ್ನು ತಡೆಯುತ್ತದೆ, ಕೆಟ್ಟ ಅಕ್ಷರವನ್ನು ಬರೆದವನೇ ಓದಲಾರನು ಎಂಬುದು ಅವನ ಸರಳವಾದ ಕಾರಣ. ಹೊಡೆದು ಕಲಿಸುವುದನ್ನು ಅವನು ಒಪ್ಪಲಿಲ್ಲ. ಅದು ಗುಲಾಮರಿಗೆ ತಕ್ಕ ಅವಮಾನ; ಮಕ್ಕಳ ಮನಸ್ಸನ್ನು ಕುಗ್ಗಿಸುವಂತಹುದು. ಶಿಕ್ಷಕನು ಎಚ್ಚರದಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರೆ ಬೆತ್ತದ ಅಗತ್ಯವೇ ಬಾರದು ಎಂದು ಅವನು ತಿಳಿದಿದ್ದನು.

ಬರಹದ ಅಭ್ಯಾಸಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಮೊದಲು ಈಸೋಪನ ನೀತಿಕಥೆಗಳನ್ನು ಹುಡುಗನು ಸರಳವಾದ, ಶುದ್ಧವಾದ ನುಡಿಯಲ್ಲಿ ಬಾಯಲ್ಲಿ ಹೇಳಬೇಕು. ಅನಂತರ ಅದೇ ಸರಳತೆಯಲ್ಲಿ ಬರೆಯಬೇಕು. ಮುಂದಿನ ಹಂತದಲ್ಲಿ ಪದ್ಯವನ್ನು ಬಿಡಿಸಿ ಗದ್ಯ ಮಾಡುವುದು, ಆಮೇಲೆ ಅದರ ಪದಗಳನ್ನು ಬದಲಿಸುವುದು, ಕೊನೆಗೆ ಕವಿಯ ಅರ್ಥ ಕೆಡದಂತೆ ಕೆಲವೆಡೆ ಸಂಗ್ರಹಿಸಿ ಕೆಲವೆಡೆ ವಿಸ್ತರಿಸಿ ಸ್ವತಂತ್ರವಾಗಿ ಬರೆಯುವುದು. ಇದನ್ನು ಸಮರ್ಥವಾಗಿ ಮಾಡಬಲ್ಲ ಹುಡುಗನು ಮುಂದೆ ಏನನ್ನಾದರೂ ಕಲಿಯಬಲ್ಲನು. ವಾಗ್ಮಿತೆಯ ಶಿಕ್ಷಕನ ಬಳಿಗೆ ಬಂದ ಮೇಲೆ ಚಾರಿತ್ರಿಕ ಘಟನೆಗಳ ನಿರೂಪಣೆ, ವ್ಯಕ್ತಿಗಳ ಸ್ತುತಿ ಮತ್ತು ನಿಂದೆ, ಎರಡು ವಸ್ತುಗಳ ಹೋಲಿಕೆ, ಕಾನೂನೊಂದರ ಪರ-ವಿರೋಧ ಹೀಗೆ ಅಭ್ಯಾಸಗಳು ಬೆಳೆಯುತ್ತವೆ. ಹೊಸ ಹಂತಕ್ಕೆ ಕಾಲಿಟ್ಟವನಿಗೆ ಹಿಂದಿನ ಹಂತದ ಶಕ್ತಿ ಕೈಯಲ್ಲಿಯೇ ಇರುತ್ತದೆ.

ವಿದ್ಯಾರ್ಥಿಯ ಬರಹವನ್ನು ತಿದ್ದುವ ಕ್ರಮದಲ್ಲಿ ಕ್ವಿಂಟಿಲಿಯನನ ಅಧ್ಯಾಪಕತ್ವ ನಿಚ್ಚಳವಾಗಿ ಕಾಣುತ್ತದೆ. ಎಳೆಯರ ಬರಹದಲ್ಲಿ ಅತಿರೇಕವಿರುವುದೇ ಲೇಸು ಎಂದು ಅವನು ತಿಳಿದನು. ತುಂಬಿ ಹರಿಯುವುದನ್ನು ಮುಂದೆ ತಡೆಯಬಹುದು. ಬತ್ತಿದ್ದನ್ನು ತುಂಬಿಸುವ ಉಪಾಯವಿಲ್ಲ. ಆದಕಾರಣ ನೀರಸನಾದ ಶಿಕ್ಷಕನನ್ನು ಅವನು ಎಳೆಯ ಗಿಡಕ್ಕೆ ದೊರೆತ ಒಣನೆಲಕ್ಕೆ ಹೋಲಿಸುತ್ತಾನೆ. ಹುಡುಗನೊಬ್ಬನು ಅತಿಯಾಗಿ ಅಲಂಕರಿಸಿ ಬರೆದಾಗ, ಸದ್ಯಕ್ಕೆ ಇದನ್ನು ಮೆಚ್ಚಿದೆನಾದರೂ ಇದಕ್ಕೆ ಒಪ್ಪಿಗೆ ಸಿಗದ ಕಾಲವೊಂದು ಬರುವುದೆಂದು ಅವನು ತಿಳಿಸುತ್ತಿದ್ದನು. ಹುಡುಗನಿಗೆ ಅಂದಿನ ಸಂತೋಷವೂ ತಪ್ಪುತ್ತಿರಲಿಲ್ಲ, ಮುಂದಿನ ಎಚ್ಚರವೂ ಸಿಗುತ್ತಿತ್ತು. ಬರಹವು ತೀರ ಅಜಾಗರೂಕವಾಗಿದ್ದಾಗ, ಅದೇ ವಿಷಯವನ್ನು ತಾನು ನಿರೂಪಿಸಿ ತೋರಿಸಿ ಮತ್ತೊಮ್ಮೆ ಬರೆಯಲು ಹೇಳುತ್ತಿದ್ದನು. ತಪ್ಪುಗಳನ್ನೇ ಎಣಿಸುವ ಶಿಕ್ಷಕನಿಂದ ಹುಡುಗರು ಬರೆಯುವುದನ್ನೇ ದ್ವೇಷಿಸತೊಡಗುತ್ತಾರೆ. ತಪ್ಪಾದೀತೆಂಬ ಭಯದಿಂದ ಏನನ್ನೂ ಮಾಡಲಾರದವರಾಗುತ್ತಾರೆ. ಅವನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹಾನಿಯಿಲ್ಲ.

ಓದಿಸುವ ಕ್ರಮವೂ ಬರವಣಿಗೆಗೆ ಪೂರಕವಾಗಿತ್ತು. ಇತಿಹಾಸ ಮತ್ತು ಭಾಷಣಗಳ ಪಠ್ಯವನ್ನು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಬೇಕು. ವಸ್ತುವಿನ ನಿರ್ವಹಣೆ, ಪದಗಳ ಔಚಿತ್ಯ, ವಾಕ್ಯದ ಬಂಧ ಇವುಗಳನ್ನು ಶಿಕ್ಷಕನು ವಿವರಿಸಬೇಕು. ಲೋಕದ ಮೆಚ್ಚುಗೆ ಪಡೆದ ದೋಷಯುಕ್ತ ಭಾಷಣಗಳನ್ನೂ ಓದಿಸಿ, ಮೆಚ್ಚುಗೆಗೆ ಕಾರಣವಾದ ಅಂಶವೇ ಹೇಗೆ ದೋಷವೆಂಬುದನ್ನು ತೋರಿಸಬೇಕು. ಶಿಕ್ಷಕನು ತಾನೇ ಹೇಳಿ ಮುಗಿಸದೆ ಪದೇ ಪದೇ ಪ್ರಶ್ನಿಸಬೇಕು. ಏಕೆಂದರೆ ಶಿಕ್ಷಕನು ಇಲ್ಲದಿರುವಾಗಲೂ ನಡೆಯಬಲ್ಲ ವಿವೇಚನೆಯನ್ನು ಬೆಳೆಸುವುದೇ ಕಲಿಸುವುದರ ಗುರಿ. ಹುಡುಗರು ತಮ್ಮ ಸ್ವಂತ ಬರಹವನ್ನು ಬಾಯಿಪಾಠ ಮಾಡುವ ರೂಢಿಯನ್ನು ಅವನು ಬಿಡಿಸಿದನು. ಅದರ ಬದಲು ಉತ್ತಮ ಲೇಖಕರ ಭಾಗಗಳನ್ನು ಕಂಠಸ್ಥ ಮಾಡಿಸಿದರೆ ಒಳ್ಳೆಯ ನುಡಿ ಒಳಗೇ ಸೇರಿಕೊಂಡು, ಬರೆಯುವಾಗ ತಾನಾಗಿ ಒದಗುತ್ತದೆ ಎಂಬುದು ಅವನ ನಂಬಿಕೆ.

ನಿವೃತ್ತಿ ಮತ್ತು ಗ್ರಂಥಾರಂಭ

ಸುಮಾರು ಇಪ್ಪತ್ತು ವರ್ಷಗಳ ಅಧ್ಯಾಪನದ ನಂತರ, ಕ್ರಿ.ಶ. 90ರ ಆಸುಪಾಸಿನಲ್ಲಿ ಕ್ವಿಂಟಿಲಿಯನ್ ಪಾಠಶಾಲೆ ಮತ್ತು ನ್ಯಾಯಾಲಯ ಎರಡರಿಂದಲೂ ಸರಿದನು. ಜನರು ಇನ್ನೂ ತನ್ನನ್ನು ಬಯಸುತ್ತಿರುವಾಗಲೇ ಹೊರಬಂದೆನೆಂಬ ಸಮಾಧಾನ ಅವನಿಗಿತ್ತು. ಆಫರನ ನೆನಪು ಅವನ ಬೆನ್ನಿಗಿತ್ತೆಂದು ತಿಳಿಯಬಹುದು.

ಬರೆಯಲು ಅವನಿಗೆ ಬೇರೆಯೇ ಒಂದು ಒತ್ತಡವಿತ್ತು. ಅವನ ಹೆಸರಿನಲ್ಲಿ ವಾಗ್ಮಿತೆಯ ಎರಡು ಪುಸ್ತಕಗಳು ಆಗಲೇ ಪ್ರಚಾರದಲ್ಲಿದ್ದವು. ಅವನು ಅವುಗಳನ್ನು ಪ್ರಕಟಿಸಿರಲಿಲ್ಲ. ಅಭಿಮಾನಿಗಳಾದ ಶಿಷ್ಯರು ಪಾಠಗಳನ್ನು ಕೇಳಿ ಬರೆದುಕೊಂಡ ಟಿಪ್ಪಣಿಗಳೇ ಪುಸ್ತಕಗಳಾಗಿ ಹರಡಿದ್ದವು. ಅವನ ನ್ಯಾಯಾಲಯದ ಭಾಷಣಗಳಿಗೂ ಇದೇ ಗತಿ ಒದಗಿತ್ತು. ಸಂಕೇತಲಿಪಿಕಾರರು ಅಜಾಗರೂಕತೆಯಿಂದ ಬರೆದು ಮಾರಿದ ಆ ಭಾಷಣಗಳಲ್ಲಿ ತನ್ನದೆನ್ನುವುದು ಬಹಳ ಕಡಿಮೆ ಎಂದು ಅವನು ಹೇಳಿಕೊಂಡಿದ್ದಾನೆ. ಒಂದೊಂದು ಪದವನ್ನೂ ತೂಗಿ ಬರೆಯಲು ಕಲಿಸಿದವನ ಹೆಸರಿನಲ್ಲಿ ತಿದ್ದದ ಬರಹಗಳು ಓಡಾಡುತ್ತಿದ್ದವು. ವಾಗ್ಮಿತೆ ಕೆಟ್ಟದ್ದಕ್ಕೆ ಕಾರಣಗಳನ್ನು ಕುರಿತು ಅವನು ಮೊದಲೊಂದು ಪುಸ್ತಕವನ್ನು ಬರೆದನು. ಅದು ಇಂದು ಉಪಲಬ್ಧವಿಲ್ಲ. ಅನಂತರ ಕೈಗೊಂಡದ್ದೇ ‘ಇನ್‌ಸ್ಟಿಟ್ಯೂಶಿಯೊ ಒರಟೋರಿಯಾ’. ಮಾರ್ಸೆಲಸ್ ವಿಟೋರಿಯಸ್ ಎಂಬ ಮಿತ್ರನಿಗೆ ಅರ್ಪಿತವಾದ ಈ ಗ್ರಂಥವು ಆ ಮಿತ್ರನ ಮಗ ಗೇಟನ ಶಿಕ್ಷಣಕ್ಕೆಂದು ಉದ್ದೇಶಿತವಾಗಿತ್ತು. ಕ್ವಿಂಟಿಲಿಯನನ ಮನಸ್ಸಿನಲ್ಲಿ ಇನ್ನೊಬ್ಬ ಓದುಗನೂ ಇದ್ದನು. ಅವನು ತನ್ನ ಸ್ವಂತ ಮಗ.

ಅರಮನೆ ಮತ್ತು ಮನೆ

ಗ್ರಂಥದ ಮೂರು ಸಂಪುಟಗಳು ಮುಗಿದಿದ್ದಾಗ ಚಕ್ರವರ್ತಿ ಡೊಮಿಷಿಯನನು ತನ್ನ ಸೋದರಿಯ ಮೊಮ್ಮಕ್ಕಳಿಬ್ಬರ ಶಿಕ್ಷಣವನ್ನು ಅವನಿಗೆ ಒಪ್ಪಿಸಿದನು. ಮಕ್ಕಳ ತಂದೆ ಫ್ಲೇವಿಯಸ್ ಕ್ಲೆಮೆನ್ಸ್. ಆತನ ಮೂಲಕ ಕ್ವಿಂಟಿಲಿಯನನಿಗೆ ಕಾನ್ಸಲ್ ಪದವಿಯ ಗೌರವಚಿಹ್ನೆಗಳೂ ದೊರೆತವು. ಅಧ್ಯಾಪಕನೊಬ್ಬನಿಗೆ ಇದು ಊಹಿಸಲಾಗದ ಮಾನ. ನಾಲ್ಕನೆಯ ಸಂಪುಟದ ಮುನ್ನುಡಿಯಲ್ಲಿ ಅವನು ಚಕ್ರವರ್ತಿಯನ್ನು ದೇವರೆಂಬಂತೆ ಕೊಂಡಾಡಿದ್ದಾನೆ. ಹತ್ತನೆಯ ಸಂಪುಟದಲ್ಲಿ ಅವನನ್ನು ಮಹಾಕವಿಯೆಂದೂ ಹೊಗಳಿದ್ದಾನೆ.

ಇದೇ ಡೊಮಿಷಿಯನನ ಆಳ್ವಿಕೆಯಲ್ಲಿ, ಕ್ರಿ.ಶ. 93ರ ಸುಮಾರಿಗೆ, ಹಿಂದಿನ ಭಿನ್ನಮತೀಯರನ್ನು ಹೊಗಳಿ ಜೀವನಚರಿತ್ರೆ ಬರೆದ ಲೇಖಕರಿಗೆ ಮರಣದಂಡನೆಯಾಯಿತು. ಅವರ ಪುಸ್ತಕಗಳನ್ನು ನಗರದ ಚೌಕದಲ್ಲಿ ಸುಡಲಾಯಿತು. ತತ್ತ್ವಜ್ಞಾನಿಗಳನ್ನು ನಗರದಿಂದ ಹೊರಹಾಕಲಾಯಿತು. ಸಜ್ಜನನಲ್ಲದವನು ವಾಗ್ಮಿಯಾಗಲಾರನೆಂಬುದು ಕ್ವಿಂಟಿಲಿಯನನ ಗ್ರಂಥದ ಕೊನೆಯ ಪ್ರತಿಪಾದನೆ. ಆ ಪ್ರತಿಪಾದನೆ ಮತ್ತು ಈ ಸ್ತುತಿ ಒಂದೇ ಲೇಖನಿಯಿಂದ ಬಂದಿವೆ. ಅರಮನೆಯ ಶಿಕ್ಷಕನಿಗೆ ಅಂದು ಮೌನವೂ ಅಪಾಯವೇ ಆಗಿದ್ದಿತು ಎಂಬುದು ನಿಜ. ಆದರೂ ಪದದ ಔಚಿತ್ಯವನ್ನು ಅಷ್ಟು ನಿಷ್ಠೆಯಿಂದ ಬೋಧಿಸಿದವನು ಅನುಚಿತವಾದ ಹೊಗಳಿಕೆಯನ್ನು ಬರೆಯಬೇಕಾಯಿತೆಂಬ ಸಂಗತಿ ಅವನ ಚರಿತ್ರೆಯಿಂದ ಅಳಿಯುವಂತಹುದಲ್ಲ. ಅವನು ರಕ್ಷಿಸಬಯಸಿದ ವಾಗ್ಮಿತೆಗೆ ಸಿಸೆರೊವಿನ ಕಾಲದಲ್ಲಿದ್ದ ಸ್ವಾತಂತ್ರ್ಯದ ನೆಲೆ ಅಂದಿಗೆ ಉಳಿದಿರಲಿಲ್ಲ.

ಅರಮನೆ ಮಾನ ಕೊಟ್ಟ ಹೊತ್ತಿನಲ್ಲಿ ಮನೆ ಬರಿದಾಯಿತು. ಅವನ ಹೆಂಡತಿ ಹತ್ತೊಂಬತ್ತು ತುಂಬುವ ಮೊದಲೇ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಳು. ಕೆಲವೇ ತಿಂಗಳಲ್ಲಿ, ಐದು ತುಂಬಿದ್ದ ಕಿರಿಯ ಮಗನೂ ಹೋದನು. ವಾಗ್ಮಿತೆಯ ಅವನತಿಯನ್ನು ಕುರಿತ ಪುಸ್ತಕವನ್ನು ಅವನು ಬರೆಯುತ್ತಿದ್ದುದು ಆಗಲೇ. ಉಳಿದ ಹಿರಿಯ ಮಗನಿಗೆ ತಂದೆಯ ಹೆಸರನ್ನೇ ಇಟ್ಟಿತ್ತು; ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲಿಯೂ ಅವನ ಉಚ್ಚಾರಣೆ ಸ್ಪಷ್ಟವಾಗಿತ್ತು. ತಂದೆ ಈ ಗ್ರಂಥದಲ್ಲಿ ಮುಳುಗಿರುವಾಗ ಎಂಟು ತಿಂಗಳು ರೋಗದಿಂದ ನರಳಿ, ಹತ್ತನೆಯ ವಯಸ್ಸಿನಲ್ಲಿ ಅವನೂ ತೀರಿಕೊಂಡನು. ಕೊನೆಯ ಗಳಿಗೆಯಲ್ಲಿ ಬುದ್ಧಿ ಕದಡಿದಾಗಲೂ ಹುಡುಗನ ಮನಸ್ಸು ಪಾಠಶಾಲೆಯನ್ನೂ ಓದನ್ನೂ ಕುರಿತು ಕನವರಿಸುತ್ತಿತ್ತು. ಆರನೆಯ ಸಂಪುಟದ ಮುನ್ನುಡಿಯಲ್ಲಿ ಕ್ವಿಂಟಿಲಿಯನ್ ಇದನ್ನೆಲ್ಲ ಬರೆದಿದ್ದಾನೆ. ಮಗನಿಗೆ ಉಳಿಸಿಹೋಗುವ ಆಸ್ತಿಯಲ್ಲಿ ಈ ಗ್ರಂಥವೇ ಉತ್ತಮವೆಂದು ಅವನು ಎಣಿಸಿದ್ದನು. ಈಗ ಅದು ಇತರರ ಮಕ್ಕಳಿಗೆ ಸೇರತಕ್ಕದ್ದಾಯಿತು. ಬರೆದುದನ್ನೆಲ್ಲ ಚಿತೆಗೆ ಹಾಕಿಬಿಡೋಣವೆಂಬ ಯೋಚನೆಯೂ ಅವನಿಗೆ ಬಂದಿತ್ತು.

ಅವನು ಹಾಗೆ ಮಾಡಲಿಲ್ಲ. ಆರನೆಯ ಸಂಪುಟದ ವಸ್ತುವೇ ಕೇಳುಗರ ಭಾವವನ್ನು ಕಲಕುವ ಬಗೆ. ಇತರರನ್ನು ಕಲಕಬೇಕಾದವನು ಮೊದಲು ತಾನು ಕಲಕಿಹೋಗಬೇಕೆಂಬ ತತ್ತ್ವವನ್ನು ಅವನು ವಿವರಿಸಿರುವುದು ಮಗನ ಮರಣದ ನಿವೇದನೆಯನ್ನು ಹೊತ್ತ ಸಂಪುಟದಲ್ಲಿಯೇ. ಗ್ರಂಥದ ಅರ್ಧಕ್ಕಿಂತ ಹೆಚ್ಚಿನ ಭಾಗ ಇದರ ಅನಂತರದ್ದು. ಬರವಣಿಗೆಯ ಅಭ್ಯಾಸವನ್ನು ಕುರಿತ ಅತ್ಯುತ್ತಮ ಅಧ್ಯಾಯಗಳುಳ್ಳ ಹತ್ತನೆಯ ಸಂಪುಟವೂ ಅದರಲ್ಲಿ ಸೇರಿದೆ.

ಹತ್ತನೆಯ ಸಂಪುಟ: ಓದು, ಬರಹ, ಅಳಿಸುವಿಕೆ

ನಿಯಮಗಳನ್ನೆಲ್ಲ ಬಲ್ಲವನಿಗೂ ಬರೆಯಲು ಬಾರದಿರುವುದೇಕೆ? ಹತ್ತನೆಯ ಸಂಪುಟವು ಉತ್ತರಿಸಹೊರಟಿರುವುದು ಈ ಪ್ರಶ್ನೆಗೆ. ಜ್ಞಾನವು ರೂಢಿಯಾಗಿ ಗಟ್ಟಿಗೊಂಡಾಗ ಮಾತ್ರ ಶಕ್ತಿಯಾಗುತ್ತದೆ; ಆ ರೂಢಿ ಓದು, ಅನುಕರಣೆ, ಬರಹ, ತಿದ್ದುಪಡಿ ಇವುಗಳ ಕೂಟದಿಂದ ಬರುತ್ತದೆ. ಸ್ವಭಾವ, ಶಾಸ್ತ್ರ, ಅಭ್ಯಾಸ ಎಂಬ ಮೂರನ್ನು ಅವನು ವಾಗ್ಮಿಯ ಸಿದ್ಧಿಗೆ ಕಾರಣವೆನ್ನುತ್ತಾನೆ. ಸಹಜ ಪ್ರತಿಭೆ, ನಿರ್ಮಲವಾದ ಶ್ರುತ ಮತ್ತು ಬಿಡದ ಅಭಿಯೋಗ ಎಂದು ದಂಡಿಯು ಹೇಳಿರುವ ಕಾವ್ಯಹೇತುಗಳೊಡನೆ ಇದನ್ನು ಹೋಲಿಸಬಹುದು. ಇವೆರಡಕ್ಕೂ ಚಾರಿತ್ರಿಕ ಸಂಬಂಧವಿಲ್ಲವಾದರೂ, ‘ಕವಿರಾಜಮಾರ್ಗ’ಕ್ಕೆ ಆಕರವಾದ ದಂಡಿಯ ‘ಕಾವ್ಯಾದರ್ಶ’ವನ್ನು ಬಲ್ಲ ಕನ್ನಡ ಓದುಗರಿಗೆ ಕ್ವಿಂಟಿಲಿಯನನ ವಿಚಾರವು ಅಪರಿಚಿತವೆನಿಸದು.

ಓದಿನ ವಿಷಯದಲ್ಲಿ ಹೋಮರನಿಂದ ತನ್ನ ಕಾಲದವರೆಗಿನ ಗ್ರೀಕ್ ಮತ್ತು ಲ್ಯಾಟಿನ್ ಲೇಖಕರನ್ನು ಅವನು ಪರಿಶೀಲಿಸುತ್ತಾನೆ. ಅಂದಿನ ತರುಣರೆಲ್ಲರ ಕೈಯಲ್ಲಿದ್ದ ಸೆನೆಕನನ್ನು ಕೊನೆಗೆ ಇರಿಸಿಕೊಂಡು ಚರ್ಚಿಸುವುದು ಉದ್ದೇಶಪೂರ್ವಕವಾದುದು. ಸೆನೆಕನ ವಿದ್ವತ್ತನ್ನು ಅವನು ಅಲ್ಲಗಳೆಯುವುದಿಲ್ಲ. ಆದರೆ ತುಂಡುತುಂಡಾದ ಚಮತ್ಕಾರದ ವಾಕ್ಯಗಳಿಂದ ಕೂಡಿದ ಆ ಶೈಲಿಯ ಗುಣವನ್ನು ಬಿಟ್ಟು ಆಕರ್ಷಕವಾದ ದೋಷಗಳನ್ನೇ ತರುಣರು ಅನುಕರಿಸುತ್ತಿದ್ದರು. ವಿವೇಚನೆ ಗಟ್ಟಿಯಾದವರು ಮಾತ್ರ ಸೆನೆಕನನ್ನು ಓದಲಿ ಎಂಬುದು ಅವನ ತೀರ್ಪು. ಅನುಕರಣೆ ಅಗತ್ಯ, ಆದರೆ ಸಾಲದು. ಹಿಂದಿನವರನ್ನು ಅನುಕರಿಸುವುದರಲ್ಲಿಯೇ ಜನ ನಿಂತಿದ್ದರೆ ಮನುಷ್ಯರು ಇನ್ನೂ ತೆಪ್ಪಗಳಲ್ಲಿಯೇ ಸಂಚರಿಸುತ್ತಿದ್ದರು ಎಂದು ಅವನು ನೆನಪಿಸುತ್ತಾನೆ.

ಬರೆಯುವಾಗ ಮೊದಲು ನಿಧಾನವೇ ಇರಲಿ, ವೇಗ ತಾನಾಗಿ ಬರುವುದು ಎಂಬುದು ಅವನ ಮುಖ್ಯ ಸೂಚನೆ. ಬೇಗ ಬರೆಯುವುದರಿಂದ ಚೆನ್ನಾಗಿ ಬರೆಯುವುದು ಸಿದ್ಧಿಸುವುದಿಲ್ಲ. ಚೆನ್ನಾಗಿ ಬರೆಯುವುದರಿಂದ ಬೇಗ ಬರೆಯುವುದು ಸಿದ್ಧಿಸುತ್ತದೆ. ವರ್ಜಿಲನು ದಿನಕ್ಕೆ ಕೆಲವೇ ಪಂಕ್ತಿಗಳನ್ನು ಬರೆಯುತ್ತಿದ್ದುದನ್ನು ಅವನು ಉದಾಹರಿಸುತ್ತಾನೆ. ತೋಚಿದ್ದನ್ನೆಲ್ಲ ಒಂದೇ ಓಟದಲ್ಲಿ ಗೀಚಿ ಆಮೇಲೆ ಸರಿಪಡಿಸುವ ಕ್ರಮವನ್ನು ಅವನು ಒಪ್ಪುವುದಿಲ್ಲ. ಪದಗಳು ತಿದ್ದಿಕೊಂಡರೂ ಅವಸರದಲ್ಲಿ ಸೇರಿದ ತೆಳುತನ ಹೋಗುವುದಿಲ್ಲ. ಇನ್ನೊಬ್ಬರಿಗೆ ಹೇಳಿ ಬರೆಸುವ ಅಂದಿನ ರೂಢಿಯನ್ನೂ ಇದೇ ಕಾರಣಕ್ಕೆ ನಿರಾಕರಿಸುತ್ತಾನೆ. ಬರೆದುಕೊಳ್ಳುವವನು ಕಾಯುತ್ತಿರುವಾಗ ತಡೆದು ಯೋಚಿಸಲು ಹೇಳುವವನಿಗೆ ಸಂಕೋಚವಾಗುತ್ತದೆ.

ಆದರೆ ನಿಧಾನವು ಹೆದರಿಕೆಯಾಗಬಾರದು. ಜೂಲಿಯಸ್ ಸೆಕುಂಡಸ್ ಎಂಬ ಸಮಕಾಲೀನ ಮಿತ್ರನು ಓದುವ ದಿನಗಳಲ್ಲಿ ಮೂರು ದಿನ ಕಳೆದರೂ ಆರಂಭದ ವಾಕ್ಯ ಹೊಳೆಯದೆ ಕೊರಗುತ್ತಿದ್ದನು. ಆಗ ಅವನ ಚಿಕ್ಕಪ್ಪ ಜೂಲಿಯಸ್ ಫ್ಲೋರಸನು ಮುಗುಳ್ನಗುತ್ತ, ತನ್ನ ಶಕ್ತಿಯನ್ನು ಮೀರಿ ಬರೆಯುವ ಬಯಕೆಯೇ ಎಂದು ವಿಚಾರಿಸಿದನು. ಬರೆಯುವವನು ತನ್ನ ಕೈಲಾದ ಮಟ್ಟಿಗೆ ಚೆನ್ನಾಗಿ ಬರೆಯಲು ಯತ್ನಿಸಬೇಕು. ನಿರಾಶೆಯಿಂದ ಬರಹ ಮುಂದುವರಿಯದು ಎಂಬುದನ್ನು ಈ ಪ್ರಸಂಗದಿಂದ ಕ್ವಿಂಟಿಲಿಯನ್ ಮನಗಾಣಿಸುತ್ತಾನೆ.

ಬರಹದ ಸಲಕರಣೆಗಳನ್ನು ಕುರಿತೂ ಅವನ ಗಮನ ಹರಿದಿದೆ. ಅಳಿಸಲು ಸುಲಭವಾದ ಮೇಣದ ಹಲಗೆ ಉತ್ತಮ. ಕಣ್ಣು ಮಂದವಾಗಿರುವವರು ಚರ್ಮಪತ್ರವನ್ನು ಬಳಸಲಿ. ಆಮೇಲೆ ಸೇರಿಸುವುದಕ್ಕೆ ಖಾಲಿ ಜಾಗವಿರಲಿ. ಶ್ರದ್ಧಾವಂತನಾದ ತರುಣನೊಬ್ಬನು ಅತಿ ದೀರ್ಘವಾಗಿ ಬರೆಯುತ್ತಿದ್ದನು. ಎಷ್ಟು ಬಾರಿ ಹೇಳಿದರೂ ಆ ದೋಷ ಹೋಗಲಿಲ್ಲ. ಅವನು ಬರಹವನ್ನು ಸಾಲುಗಳಿಂದ ಎಣಿಸುತ್ತಿದ್ದನು, ಅವನ ಹಲಗೆಯೋ ತೀರ ಅಗಲವಾಗಿತ್ತು. ಹಲಗೆಯನ್ನು ಬದಲಿಸಿದೊಡನೆ ದೋಷ ಹೋಯಿತು. ಇಂತಹ ವಿವರವು ಶಾಸ್ತ್ರಗ್ರಂಥದಿಂದಲ್ಲ, ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತವನಿಂದ ಮಾತ್ರ ದೊರೆಯುತ್ತದೆ.

ಸೇರಿಸುವುದು, ತೆಗೆಯುವುದು, ಬದಲಿಸುವುದು ಇವು ತಿದ್ದುಪಡಿಯ ಮೂರು ಕೆಲಸಗಳು. ಬರೆಯುವುದಕ್ಕೆ ಎಷ್ಟು ಬೆಲೆಯೋ ಅಳಿಸುವುದಕ್ಕೂ ಅಷ್ಟೇ ಬೆಲೆ. ಬರೆದುದನ್ನು ಕೆಲಕಾಲ ಎತ್ತಿಟ್ಟು, ಬೇರೊಬ್ಬರದೆಂಬಂತೆ ಮತ್ತೆ ಓದುವುದು ಒಳ್ಳೆಯ ಉಪಾಯ. ಹೊಸತಾಗಿ ಹುಟ್ಟಿದ ಮಗುವನ್ನು ಮುದ್ದಿಸುವಂತೆ ಬರಹವನ್ನು ಮುದ್ದಿಸುವುದು ಇದರಿಂದ ತಪ್ಪುತ್ತದೆ. ತಿದ್ದುವುದಕ್ಕೂ ಕೊನೆಯಿರಬೇಕೆಂಬುದನ್ನು ಅವನು ಮರೆಯುವುದಿಲ್ಲ. ಗಾಯ ಮಾಯಲು ಬಿಡದೆ ಕೊಯ್ಯುತ್ತಲೇ ಇರುವ ವೈದ್ಯನಂತೆ ಬರಹಗಾರನು ಆಗಬಾರದು.

ಈ ಬೋಧನೆ ಅವನಿಗೇ ಅನ್ವಯಿಸಬೇಕಾಯಿತು. ಗ್ರಂಥವನ್ನು ಬರೆಯಲು ಅವನಿಗೆ ಹಿಡಿದದ್ದು ಎರಡು ವರ್ಷಕ್ಕಿಂತ ತುಸು ಹೆಚ್ಚು ಕಾಲ. ಅದರಲ್ಲಿಯೂ ಹೆಚ್ಚು ಪಾಲು ಅಸಂಖ್ಯ ಆಕರಗಳ ಓದಿಗೆ ಹೋಯಿತು. ಕೃತಿಯನ್ನು ಒಂಬತ್ತು ವರ್ಷ ಎತ್ತಿಡಬೇಕೆಂಬ ಹೊರೇಸನ ಸಲಹೆಯಂತೆ ಕಾದು, ಮತ್ತೆ ಓದಿ, ತಿದ್ದುವ ಬಯಕೆ ಅವನಿಗಿತ್ತು. ಆದರೆ ಪುಸ್ತಕ ವ್ಯಾಪಾರಿ ಟ್ರೈಫೋ ದಿನವೂ ಒತ್ತಾಯಿಸುತ್ತಿದ್ದುದರಿಂದ ಕೃತಿಯನ್ನು ಕೈಬಿಟ್ಟೆನೆಂದು ಗ್ರಂಥದ ಆರಂಭದ ಪತ್ರದಲ್ಲಿ ಅವನು ತಿಳಿಸಿದ್ದಾನೆ.

ಅಂತ್ಯ ಮತ್ತು ಪರಂಪರೆ

ಕ್ರಿ.ಶ. 95ರಲ್ಲಿ ಫ್ಲೇವಿಯಸ್ ಕ್ಲೆಮೆನ್ಸನನ್ನು ಡೊಮಿಷಿಯನನು ಕೊಲ್ಲಿಸಿದನು. ಮರುವರ್ಷ ಡೊಮಿಷಿಯನನೇ ಅರಮನೆಯಲ್ಲಿ ಕೊಲೆಯಾದನು. ಕ್ವಿಂಟಿಲಿಯನನ ಮರಣವನ್ನು ವಿದ್ವಾಂಸರು ಸಾಮಾನ್ಯವಾಗಿ ಒಂದನೆಯ ಶತಮಾನದ ಈ ಕೊನೆಯ ವರ್ಷಗಳಿಗೆ ಹೊಂದಿಸುತ್ತಾರೆ.

ಮಧ್ಯಯುಗದಲ್ಲಿ ಅವನ ಗ್ರಂಥವು ಬಹುಮಟ್ಟಿಗೆ ತ್ರುಟಿತ ಪ್ರತಿಗಳಲ್ಲಿ ಉಳಿದಿತ್ತು. ಕ್ರಿ.ಶ. 1350ರಲ್ಲಿ ಇಂತಹ ಒಂದು ಪ್ರತಿ ದೊರೆತಾಗ ಕವಿ ಪೆಟ್ರಾರ್ಕನು, ಬಹಳ ಹಿಂದೆ ಗತಿಸಿದ್ದ ಕ್ವಿಂಟಿಲಿಯನನಿಗೇ ಒಂದು ಪತ್ರವನ್ನು ಬರೆದನು. ಕ್ರಿ.ಶ. 1416ರಲ್ಲಿ ಪೊಜ್ಜೊ ಬ್ರಾಚ್ಚೊಲಿನಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಸಂಪೂರ್ಣ ಪ್ರತಿಯನ್ನು ಕಂಡುಹಿಡಿದನು. 1470ರಲ್ಲಿ ರೋಮಿನಲ್ಲಿ ಅದು ಅಚ್ಚಾಯಿತು. ಪುನರುಜ್ಜೀವನ ಕಾಲದ ಶಾಲಾಶಿಕ್ಷಣಕ್ಕೆ ಆಧಾರಗ್ರಂಥಗಳಲ್ಲಿ ಒಂದಾಯಿತು. ಅವನ ಹೆಸರಿನಲ್ಲಿ ಹತ್ತೊಂಬತ್ತು ದೀರ್ಘ ಕೃತಕ ಭಾಷಣಗಳ ಸಂಕಲನವೊಂದೂ ಪ್ರಚಾರದಲ್ಲಿತ್ತು. ಅವು ಅವನವಲ್ಲವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ತಾನು ಬರೆಯದ ಬರಹಗಳಿಂದ ಬಾಧಿತನಾದವನಿಗೆ ಆ ಬಾಧೆ ಮರಣಾನಂತರವೂ ತಪ್ಪಲಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಕ್ವಿಂಟಿಲಿಯನನ ಶಿಕ್ಷಣತತ್ತ್ವದಲ್ಲಿ ಬರವಣಿಗೆಯು ವರವೂ ಅಲ್ಲ, ಸೂತ್ರವೂ ಅಲ್ಲ. ಒಳ್ಳೆಯದನ್ನು ಓದಿ, ಅದನ್ನು ಮತ್ತೆ ಹೇಳಿ, ಬೇರೆಯಾಗಿ ಬರೆದು, ಅಳಿಸಿ, ಕಾಯ್ದು ಪಡೆಯಬೇಕಾದ ಸಂಪತ್ತು. ಅದನ್ನು ಕಲಿಸುವವನು ವಿದ್ಯಾರ್ಥಿಯ ತಪ್ಪಿಗಿಂತ ಮೊದಲು ಅವನ ಉತ್ಸಾಹವನ್ನು ಕಾಣಬೇಕು. ಅರಮನೆಯೆದುರು ಈ ಗುರುವಿನ ಲೇಖನಿ ಬಾಗಿತೆಂಬುದು ಸತ್ಯ. ಮಗನಿಗೆಂದು ಆರಂಭಿಸಿದ ಗ್ರಂಥವನ್ನು ಮಗನ ಮರಣದ ನಂತರವೂ ಪರರ ಮಕ್ಕಳಿಗಾಗಿ ಅವನು ಪೂರ್ಣಗೊಳಿಸಿದನೆಂಬುದೂ ಅಷ್ಟೇ ಸತ್ಯ.